ಬೋರ್‌ವೆಲ್‌ಗೆ ಮಳೆನೀರು ಇಂಗಿಸಿದ್ದು

ಮಂಡ್ಯ ಜಿಲ್ಲೆ ಅಂದ ತಕ್ಷಣ ವಿಶ್ವೇಶ್ವರಯ್ಯ ನಾಲೆ, ಕಬ್ಬು, ಭತ್ತ ನೆನಪಾಗುತ್ತದೆ. ನಾಗಮಂಗಲದ ಕಡೆಯ ದಿಣ್ಣೆ ಹೊಲಗಳಿಗೆ ನಾಲೆ ನೀರು ಏರುವುದಿಲ್ಲ. ರಾಗಿ, ಹುರುಳಿಗೆ ಮಳೆ, ತೆಂಗಿಗೆ ಬೋರ್‌ವೆಲ್. ಒಂದು ಎಕರೆಯ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಸುಮಾರು 1 ಲಕ್ಷ ಲೀಟರ್ ನೀರು. ಅದರಲ್ಲಿ ಐದನೇ ಒಂದು ಪಾಲು ಹರಿದು ಹೋಗುತ್ತದೆ ಅಂದುಕೊಂಡರೂ 20,000 ಲೀಟರ್ ಆಯಿತು. ನಾವು ಬೋರಿಗೆ ತಿರುಗಿಸಿದ್ದು ಹೀಗೆ ಹರಿದು ಹೋಗುತ್ತಿದ್ದ ನೀರನ್ನು.

ಬೋರಿನ ಸುತ್ತ ಇಂಗುಗುಂಡಿ ತೋಡುವ ಮುಂಚೆ ಒಂದು ಟ್ಯಾಂಕರ್ ನೀರನ್ನು ಬೋರಿನೊಳಕ್ಕೆ ಬಿಟ್ಟು ನೋಡಬೇಕು. ಗಂಟೆ ಎರಡು ಗಂಟೆಯಲ್ಲಿ ಇಳಿದರೆ ಒಳಗೆ ಬಿರುಕು ಇದೆ. ಮಾರನೇ ದಿನಕ್ಕೂ ನಿಂತಿದ್ದರೆ ಅಲ್ಲಿ ದುಡ್ಡು ಸುರಿಯುವುದು ಬೇಡ.

ಕೇಸಿಂಗ್ (ಬೋರಿನ ಹೊರಪೈಪು) ಸುತ್ತ 10 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಆಳ ತೆಗೆಸಿದೆವು. ಕೇಸಿಂಗ್‌ನಿಂದ ಒಂದೂವರೆ ಅಡಿಯೊಳಗೆ ಜೆಸಿಬಿ ಬಕೆಟ್ ಬರಕೂಡದು. ಅಲ್ಲಿ ಹಾರೆ, ಗುದ್ದಲಿಯೇ. ತಾಗಿ ಪೈಪು ಒಡೆದರೆ ಬೋರೇ ಹೋಯಿತು. ಗುಂಡಿಯಲ್ಲಿ ಕಾಣುವ ಕೇಸಿಂಗ್‌ನ ಕೆಳಗಿನ 3 ಅಡಿಯಲ್ಲಿ ಮಾತ್ರ, ಸುತ್ತಲೂ ಎರಡು ಇಂಚಿಗೊಂದರಂತೆ 5 ಎಂಎಂ ತೂತು. ಮೋಟಾರ್ ಒಳಗಿದ್ದರೆ ಡ್ರಿಲ್ ಬಿಟ್ ತುದಿಯಿಂದ ಅರ್ಧ ಇಂಚಿಗೆ ಟೇಪು ಸುತ್ತಿಕೊಂಡು, ಅಷ್ಟಕ್ಕೇ ನಿಲ್ಲಿಸಿ. ಇಲ್ಲದಿದ್ದರೆ ಬಿಟ್ ನೇರ ಕೇಬಲ್‌ಗೆ ಹೋಗುತ್ತದೆ. ತೂತಿನ ಮೇಲೆ ನೈಲಾನ್ ಜಾಲರಿ ಮೂರು ಸುತ್ತು, ನೈಲಾನ್ ಹಗ್ಗದಲ್ಲೇ ಕಟ್ಟು. ಕಬ್ಬಿಣದ ತಂತಿ ತುಕ್ಕು ಹಿಡಿದು ಕಳಚುತ್ತದೆ.

ತಳದಿಂದ 5 ಅಡಿಯವರೆಗೆ ದಪ್ಪ ಕಲ್ಲು, ಕೇಸಿಂಗ್ ಪಕ್ಕದವನ್ನು ಕೈಯಲ್ಲೇ ಜೋಡಿಸಿ. ಮೇಲೆ 2 ಅಡಿ 40 ಎಂಎಂ ಜಲ್ಲಿ, 1 ಅಡಿ 20 ಎಂಎಂ ಜಲ್ಲಿ, ಜಾಲರಿ ಹಾಸಿ 1 ಅಡಿ ದಪ್ಪ ಮರಳು. ಉಳಿದ ಒಂದಡಿ ಖಾಲಿ, ನೀರು ನಿಲ್ಲಲು. ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಆದರೆ ತೊಳೆದೇ ಹಾಕಿ; ಅದರ ಧೂಳೇ ಸಂದು ಕಟ್ಟುತ್ತದೆ.

ಇಷ್ಟೆಲ್ಲ ಮಾಡಿ ಜನ ಕೈಬಿಡುವುದು ಹೂಳುಗುಂಡಿಯನ್ನು, ಅಂದರೆ ನೀರು ಇಂಗುಗುಂಡಿಗೆ ಬರುವ ಮುಂಚೆ ಕೆಸರು ತಂಗುವ ಗುಂಡಿಯನ್ನು. ನನ್ನ ಲೆಕ್ಕದಲ್ಲಿ ಇಂಗುಗುಂಡಿಗಿಂತ ಅದೇ ಮುಖ್ಯ. ಕೆಮ್ಮಣ್ಣಿನ ಹೊಲದ ಮೊದಲ ಮಳೆನೀರು ರಾಗಿ ಅಂಬಲಿಯಷ್ಟು ಗಟ್ಟಿ. ನೇರ ಬಿಟ್ಟರೆ ಮರಳಿನ ಮೇಲೆ ಕೆನೆಯಂತೆ ಪದರ ಕಟ್ಟಿ, ಮುಂದಿನ ಮಳೆಗೆ ಒಂದು ಹನಿಯೂ ಇಳಿಯುವುದಿಲ್ಲ. ಜಾಲರಿ ಹರಿದಿದ್ದರೆ ಇನ್ನೂ ಕೆಟ್ಟದ್ದು, ಕೆಸರು ಒಳಗಿಳಿದು ಮೋಟಾರ್ ತಿನ್ನುತ್ತದೆ. ಆದ್ದರಿಂದ ಒಂದರ ಹಿಂದೊಂದು ಎರಡು ಗುಂಡಿ, ತಲಾ 5 ಅಡಿ ಚೌಕ, 4 ಅಡಿ ಆಳ. ಒಂದರಿಂದ ಇನ್ನೊಂದಕ್ಕೆ ದಾಟುವ 6 ಇಂಚಿನ ಪೈಪು ಮೇಲಂಚಿನಲ್ಲಿ ಇರಬೇಕು, ಬಾಯಿಗೆ ಜಾಲರಿ. ವರ್ಷದ ಮೊದಲ ಎರಡು ಮಳೆಯನ್ನು ಬದು ಒಡೆದು ಹೊರಗೆ ಬಿಡುತ್ತೇವೆ. ತಿಪ್ಪೆ, ಕೊಟ್ಟಿಗೆ, ಔಷಧಿ ಹೊಡೆದ ಹೊಲದ ನೀರಂತೂ ಯಾವತ್ತೂ ಬೇಡ, ಅದೇ ಬೋರಿನ ನೀರು ಕುಡಿಯುತ್ತೇವಲ್ಲ.

ದೊಡ್ಡ ಮಳೆಯಾದ ಮೇಲೆಲ್ಲ ಹೂಳು ಎತ್ತಿ ತೆಂಗಿನ ಬುಡಕ್ಕೆ. ಯುಗಾದಿ ಆಸುಪಾಸಿನಲ್ಲಿ ಮರಳಿನ ಮೇಲಿನ ಎರಡಿಂಚು ಕೆರೆದು ತೊಳೆದು ಮತ್ತೆ ಹರಡುವುದು. ಇಬ್ಬರಿಗೆ ಅರ್ಧ ದಿನದ ಕೆಲಸ.