ಆಕ್ಸಲ್ ಪೂರ್ತಿ ಬದಲಿಸಲಿಲ್ಲ, ಸವೆದದ್ದನ್ನಷ್ಟೇ ಬದಲಿಸಿದೆ

ಸ್ಟೇರಿಂಗ್ ಪೂರ್ತಿ ಬಲಕ್ಕೆ ತಿರುಗಿಸಿ ಆಕ್ಸಿಲರೇಟರ್ ಒತ್ತಿದರೆ ಸಾಕು, ಮುಂದಿನ ಎಡ ಚಕ್ರದ ಕಡೆಯಿಂದ 'ಕಟ ಕಟ ಕಟ' ಅಂತ ಸದ್ದು ಬರುತ್ತಿತ್ತು. ನೇರ ರಸ್ತೆಯಲ್ಲಿ ಏನೂ ಇಲ್ಲ. ಎಡಕ್ಕೆ ತಿರುಗಿಸಿದರೂ ಇಲ್ಲ. ಗ್ಯಾರೇಜಿನಲ್ಲಿ ತೋರಿಸಿದಾಗ ಎರಡೂ ಕಡೆಯ ಡ್ರೈವ್ ಶಾಫ್ಟ್ ಮತ್ತು ಲೋವರ್ ಆರ್ಮ್ ಎಲ್ಲ ಬದಲಿಸಬೇಕು ಅಂದರು. ಡ್ರೈವ್ ಶಾಫ್ಟ್ ಅಂದರೆ ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಬಲ ಒಯ್ಯುವ ಆಕ್ಸಲ್, ಲೋವರ್ ಆರ್ಮ್ ಅಂದರೆ ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ಸಸ್ಪೆನ್ಷನ್ ತೋಳು. ಅಷ್ಟು ದುಡ್ಡು ಆಗ ನನ್ನ ಹತ್ತಿರ ಇರಲಿಲ್ಲ. ಹಾಗಾಗಿ ಮೊದಲು ನಿಜಕ್ಕೂ ಸವೆದಿರುವುದು ಯಾವುದು ಅಂತ ನಾನೇ ನೋಡೋಣ ಅಂದುಕೊಂಡೆ. ದುಡ್ಡು ಉಳಿದದ್ದು ಈ ನೋಡುವ ಕೆಲಸದಲ್ಲೇ, ಬಿಚ್ಚುವ ಕೆಲಸದಲ್ಲಿ ಅಲ್ಲ.

ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಒಂದೊಂದು ಶಾಫ್ಟಿಗೆ ಎರಡು ಸಿವಿ ಜಾಯಿಂಟ್, ಅಂದರೆ ಕೋನ ಬದಲಾದರೂ ಒಂದೇ ವೇಗದಲ್ಲಿ ಸುತ್ತುವ ಕೀಲು, ಇರುತ್ತವೆ. ಚಕ್ರದ ಕಡೆ ಇರುವುದು ಹೊರಗಿನದು. ಅದರಲ್ಲಿ ಸಾಮಾನ್ಯವಾಗಿ ಆರು ಉಕ್ಕಿನ ಗುಂಡುಗಳು, ಅವನ್ನು ಹಿಡಿದಿಡುವ ಒಂದು ಕೇಜ್. 1920ರ ದಶಕದಲ್ಲಿ ಆಲ್ಫ್ರೆಡ್ ಝೆಪ್ಪಾ ರೂಪಿಸಿದ ವಿನ್ಯಾಸ ಇದು, ಇವತ್ತಿಗೂ ಹೆಚ್ಚುಕಮ್ಮಿ ಹಾಗೇ ಇದೆ. ಚಕ್ರ ಎಷ್ಟೇ ತಿರುಗಿರಲಿ, ಗುಂಡುಗಳು ಎರಡು ಶಾಫ್ಟುಗಳ ನಡುವಿನ ಕೋನದ ಸರಿಯಾಗಿ ಮಧ್ಯದಲ್ಲೇ ನಿಲ್ಲುತ್ತವೆ. ಅದಕ್ಕೇ ಚಕ್ರ ಎಳೆದಾಡದೆ ಒಂದೇ ವೇಗದಲ್ಲಿ ಸುತ್ತುತ್ತದೆ. ಗೇರ್‌ಬಾಕ್ಸ್ ಕಡೆಯದು ಒಳಗಿನ ಜಾಯಿಂಟ್. ಹೆಚ್ಚಿನ ಕಾರುಗಳಲ್ಲಿ ಅದು ಮೂರು ರೋಲರಿನದು. ಸಸ್ಪೆನ್ಷನ್ ಮೇಲೆ ಕೆಳಗೆ ಆಡುವಾಗ ಶಾಫ್ಟ್ ಅದರೊಳಗೆ ಹಿಂದೆ ಮುಂದೆ ಜಾರುತ್ತದೆ.

ಸದ್ದೇ ಅರ್ಧ ಉತ್ತರ ಹೇಳುತ್ತದೆ. ತಿರುವಿನಲ್ಲಿ ಕಟಕಟ ಅಂದರೆ ಹೊರಗಿನ ಜಾಯಿಂಟ್. ನೇರ ಹೋಗುವಾಗ ಆಕ್ಸಿಲರೇಟರ್ ಒತ್ತಿದರೆ ನಡುಗಿ, ಬಿಟ್ಟರೆ ನಿಂತುಹೋದರೆ ಒಳಗಿನದರ ಮೇಲೆ ಅನುಮಾನ ಪಡಬೇಕು. ನನ್ನದರಲ್ಲಿ ನಡುಕ ಇರಲಿಲ್ಲ.

ಕಾರನ್ನು ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿದೆ. ಬರೀ ಜ್ಯಾಕ್ ನಂಬಿ ಕೆಳಗೆ ಕೈ ಕೂಡ ಹಾಕಬೇಡಿ, ಇದರಲ್ಲಿ ಉಳಿತಾಯದ ಮಾತೇ ಇಲ್ಲ. ಎಡಗಡೆ ಹೊರಗಿನ ಬೂಟ್, ಅಂದರೆ ಜಾಯಿಂಟ್ ಮೇಲಿನ ರಬ್ಬರ್ ಕವಚ, ಸುತ್ತಲೂ ಹರಿದಿತ್ತು. ಚಕ್ರದ ಒಳಮೈಗೆಲ್ಲ ಗ್ರೀಸ್ ಸಿಡಿದಿತ್ತು. ಬಲಗಡೆಯದು ಮಡಿಕೆಗಳಲ್ಲಿ ಬಿರುಕು ಬಿಟ್ಟಿತ್ತು, ಆದರೆ ಗ್ರೀಸ್ ಇನ್ನೂ ಆಚೆ ಬಂದಿರಲಿಲ್ಲ. ಅಂದರೆ ಎಡಕ್ಕೆ ಜಾಯಿಂಟೇ ಬೇಕು, ಬಲಕ್ಕೆ ಬೂಟ್ ಮತ್ತು ಗ್ರೀಸ್ ಸಾಕು. ಒಳಗಿನ ಜಾಯಿಂಟ್ ನೋಡುವಾಗ ಮೋಸ ಹೋಗಬೇಡಿ. ಶಾಫ್ಟ್ ಹಿಡಿದು ಎಳೆದರೆ, ತಳ್ಳಿದರೆ ಅದು ಜಾರಲೇಬೇಕು, ಅದು ಸವೆತ ಅಲ್ಲ. ತಿರುಚಿದಾಗ ಜಾಸ್ತಿ ಆಟ, ಅಂದರೆ ಸಡಿಲ, ಸಿಕ್ಕರೆ ಮಾತ್ರ ಯೋಚನೆ.

ಆಮೇಲೆ ಚಕ್ರವನ್ನು ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲ್ಲಾಡಿಸಿದೆ. ಎಡಗಡೆ 'ಟಕ್' ಅಂತು. ಮಗಳನ್ನು ಒಳಗೆ ಕೂರಿಸಿ ಬ್ರೇಕ್ ಒತ್ತಿಸಿ ಮತ್ತೆ ಅಲ್ಲಾಡಿಸಿದೆ. ಬ್ರೇಕ್ ಹಿಡಿದಾಗ ಆಟ ನಿಂತರೆ ಅದು ಚಕ್ರದ ಬೇರಿಂಗ್. ನಿಲ್ಲದಿದ್ದರೆ ಬಾಲ್ ಜಾಯಿಂಟ್, ಅಂದರೆ ಲೋವರ್ ಆರ್ಮನ್ನು ಚಕ್ರದ ಕಡೆಗೆ ಜೋಡಿಸುವ ಗುಂಡು ಕೀಲು. ನನ್ನದು ನಿಲ್ಲಲಿಲ್ಲ. ನನ್ನ ಕಾರಿನಲ್ಲಿ ಬಾಲ್ ಜಾಯಿಂಟನ್ನು ಲೋವರ್ ಆರ್ಮಿಗೆ ಬೋಲ್ಟ್ ಹಾಕಿ ಕೂರಿಸಿದ್ದಾರೆ. ಹಾಗಾಗಿ ಅದೊಂದನ್ನೇ ಕೊಂಡರೆ ಸಾಕಾಯಿತು. ಕೆಲವು ಕಾರುಗಳಲ್ಲಿ ಎರಡೂ ಒಂದೇ ತುಂಡು, ಆಗ ಆರ್ಮೇ ತರಬೇಕು. ಶಾಫ್ಟ್ ಬಿಚ್ಚಲು ಬಾಲ್ ಜಾಯಿಂಟ್ ಹೇಗೂ ಬಿಡಿಸಲೇಬೇಕು, ಆದ್ದರಿಂದ ಎರಡನ್ನೂ ಒಟ್ಟಿಗೆ ಇಟ್ಟುಕೊಂಡೆ.

ಅಗ್ಗದ ಪೂರ್ತಿ ಶಾಫ್ಟ್ ಯಾಕೆ ತರಲಿಲ್ಲ ಅಂತ ಕೇಳಬಹುದು. ಹಿಂದೊಮ್ಮೆ ಬೇರೆ ಕಾರಿಗೆ ತಂದಿದ್ದೆ. ಹಾಕಿದ ದಿನದಿಂದಲೇ ಸಣ್ಣ ನಡುಕ, ವರ್ಷದೊಳಗೆ ಬೂಟ್ ಬಿರುಕು. ಕಾರಿನ ಜೊತೆ ಬಂದ ಮೂಲ ಶಾಫ್ಟಿನ ಉಕ್ಕು ಚೆನ್ನಾಗಿರುತ್ತದೆ, ಅದನ್ನು ಸುಮ್ನೆ ಎಸೆಯಬಾರದು. ಗುಜರಿಯಿಂದ ಹಳೇ ಮೂಲ ಶಾಫ್ಟ್ ತರುವುದೂ ಒಳ್ಳೆಯ ದಾರಿಯೇ, ಆದರೆ ಬೂಟ್ ಹರಿಯದೆ ಇರುವುದನ್ನೇ ಆರಿಸಿ. ಏನೇ ತಂದರೂ ಸ್ಪ್ಲೈನ್ ಹಲ್ಲುಗಳನ್ನು, ಅಂದರೆ ಶಾಫ್ಟಿನ ತುದಿಯಲ್ಲಿ ಉದ್ದಕ್ಕೆ ಕೊರೆದ ಹಲ್ಲುಗಳನ್ನು, ಎಣಿಸಿ. ಎಬಿಎಸ್ ಬ್ರೇಕಿಗೆ ಚಕ್ರದ ವೇಗ ತಿಳಿಸುವ ಹಲ್ಲಿನ ರಿಂಗ್ ಇದ್ದರೆ ಅದರ ಹಲ್ಲುಗಳನ್ನೂ ಎಣಿಸಿ. ಒಂದೇ ಮಾದರಿಯ ಕಾರಿನಲ್ಲೂ ವರ್ಷ ಬದಲಾದರೆ ಇವು ಬದಲಾಗಬಹುದು.

ಶಾಫ್ಟಿನ ತುದಿಯನ್ನು ಚಕ್ರದ ನಡುವಿನ ಹಬ್ಬಿಗೆ ಬಿಗಿಯುವ ಹಬ್ ನಟ್ ಈ ಕೆಲಸದ ಅತಿ ಕಷ್ಟದ ಭಾಗ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿದ್ದೆ. ಶಾಫ್ಟಿನ ತೋಡಿನೊಳಗೆ ಬಡಿದು ಬಗ್ಗಿಸಿದ್ದ ನಟ್ಟಿನ ಅಂಚನ್ನು ಸಣ್ಣ ಉಳಿಯಿಂದ ಎಬ್ಬಿಸಿದೆ. ನಟ್ ಸಡಿಲಿಸುವುದು ಚಕ್ರ ನೆಲದ ಮೇಲೆ ಇರುವಾಗಲೇ, ಮಗಳ ಕಾಲು ಬ್ರೇಕ್ ಮೇಲೆ, ನನ್ನ ಸ್ಪ್ಯಾನರಿಗೆ ಉದ್ದದ ಪೈಪ್. ಆಮೇಲೆ ಕಾರು ಎತ್ತಿ, ಚಕ್ರ ತೆಗೆದು, ಬಾಲ್ ಜಾಯಿಂಟ್ ಬಿಡಿಸಿದೆ. ಶಾಫ್ಟಿನ ತುದಿಗೆ ನೇರ ಸುತ್ತಿಗೆ ಏಟು ಕೊಟ್ಟರೆ ಥ್ರೆಡ್ ಹಾಳಾಗುತ್ತದೆ. ಹಳೇ ನಟ್ಟನ್ನು ತುದಿಯವರೆಗೆ ತಿರುಗಿಸಿ, ಮರದ ತುಂಡು ಇಟ್ಟು ಹೊಡೆದೆ. ಅಲ್ಲಾಡಿತು.

ತಪ್ಪು ಮಾಡಿದ್ದು ಇಲ್ಲೇ. ಹಬ್ಬನ್ನು ಆಚೆ ಎಳೆಯುವಾಗ ಶಾಫ್ಟನ್ನೂ ಜೊತೆಗೆ ಎಳೆದೆ. ಒಳಗಿನ ಜಾಯಿಂಟಿನಲ್ಲಿ 'ಟಪ್' ಅಂತ ಸದ್ದಾಯಿತು. ಮೂರು ರೋಲರ್ ತಮ್ಮ ಬಟ್ಟಲಿನಿಂದ ಜಾರಿ ಬೂಟಿನೊಳಗೆ ಬಿದ್ದಿದ್ದವು. ಹೊರಗಿನಿಂದ ಒತ್ತಿ ಕೂರಿಸಲು ನೋಡಿದೆ, ಆಗಲಿಲ್ಲ. ಕುರುಡಾಗಿ ಒತ್ತಿದರೆ ರೋಲರ್ ಓರೆಯಾಗಿ ಕೂರುವ ಅಪಾಯ ಬೇರೆ. ಕೊನೆಗೆ ಒಳಗಿನ ಬೂಟಿನ ಕ್ಲಾಂಪನ್ನೂ ಕತ್ತರಿಸಬೇಕಾಯಿತು, ಇನ್ನೊಂದು ಬೂಟ್ ಕಿಟ್ ತರಬೇಕಾಯಿತು. ಇದರಿಂದ ಒಂದು ಒಳ್ಳೆಯದೂ ಆಯಿತು. ಬಟ್ಟಲು ಗೇರ್‌ಬಾಕ್ಸಿನಲ್ಲೇ ಉಳಿಯಿತು, ಶಾಫ್ಟ್ ಮಾತ್ರ ಕೈಗೆ ಬಂತು. ಗೇರ್ ಆಯಿಲ್ ಒಂದು ಹನಿಯೂ ಸುರಿಯಲಿಲ್ಲ, ಆಯಿಲ್ ಸೀಲ್ ಮುಟ್ಟುವ ಗೋಜೂ ಇರಲಿಲ್ಲ. ಬಲಗಡೆ ಮಾತ್ರ ಕೆಳಗಿನಿಂದ ಶಾಫ್ಟಿಗೆ ಹಗ್ಗದ ಆಸರೆ ಕಟ್ಟಿ, ಎಳೆಯದೆ, ಹಬ್ಬಿನ ಕಡೆಯಿಂದ ತಳ್ಳಿಯೇ ಬಿಡಿಸಿದೆ.

ಹಳೇ ಹೊರಗಿನ ಜಾಯಿಂಟನ್ನು ಶಾಫ್ಟಿನಲ್ಲಿ ಹಿಡಿದಿಡುವುದು ಒಂದು ಸಣ್ಣ ಸರ್ಕ್ಲಿಪ್, ಅಂದರೆ ಸ್ಪ್ರಿಂಗ್ ಉಂಗುರ. ಅದರ ಒಳಗಿನ ರೇಸಿಗೆ, ಅಂದರೆ ಶಾಫ್ಟ್ ಕೂರುವ ನಡುವಿನ ಉಂಗುರಕ್ಕೆ, ಹಿತ್ತಾಳೆಯ ಕಂಬಿ ಇಟ್ಟು ಒಂದೇ ಬಿಗಿ ಏಟು ಕೊಟ್ಟರೆ ಹೊರಬಂತು. ಕೇಜಿಗೆ ಏಟು ತಗುಲಬಾರದು. ತೊಳೆದು ನೋಡಿದೆ. ಗುಂಡು ಓಡುವ ದಾರಿಗಳಲ್ಲಿ ಉಗುರಿಗೆ ಸಿಗುವಷ್ಟು ಗುಳಿ. ಮರಳು ಮತ್ತು ನೀರು ಸೇರಿ ಗ್ರೀಸ್ ಬೂದು ಕೆಸರಾಗಿತ್ತು. ಬಲಗಡೆಯದನ್ನು ತೊಳೆದಾಗ ದಾರಿಗಳು ಬರೀ ಹೊಳೆಯುತ್ತಿದ್ದವು, ಗುಳಿ ಇಲ್ಲ, ಗುಂಡುಗಳಲ್ಲಿ ಬಿಸಿಗೆ ಬಂದ ನೀಲಿ ಬಣ್ಣವೂ ಇಲ್ಲ. ಹೊಳಪು ಪರವಾಗಿಲ್ಲ, ಗುಳಿ ಇದ್ದರೆ ಮಾತ್ರ ಎಸೆಯಬೇಕು. ಅದನ್ನು ಧೈರ್ಯವಾಗಿ ಉಳಿಸಿಕೊಂಡೆ.

ಜೋಡಿಸುವಾಗ ಮೊದಲು ಸಣ್ಣ ಕ್ಲಾಂಪ್ ಮತ್ತು ಬೂಟ್ ಶಾಫ್ಟಿಗೆ ಹೋಗಬೇಕು, ಆಮೇಲೆ ಜಾಯಿಂಟ್. ಸ್ಪ್ಲೈನ್ ಹಲ್ಲು ಬೂಟನ್ನು ಸೀಳದಂತೆ ಟೇಪ್ ಸುತ್ತಿದ್ದೆ. ಸರ್ಕ್ಲಿಪ್ ಹೊಸದೇ ಹಾಕಿ, ಜಾಯಿಂಟ್ ಬಡಿದು ಕೂರಿಸಿ, ಎಳೆದು ಪರೀಕ್ಷಿಸಿದೆ. ಗ್ರೀಸ್ ಬಗ್ಗೆ ಜಿಪುಣತನ ಬೇಡ. ಮಾಲಿಬ್ಡಿನಮ್ ಡೈಸಲ್ಫೈಡ್ ಇರುವ ಕಪ್ಪು ಗ್ರೀಸ್ ಕಿಟ್ಟಿನ ಜೊತೆ ಅಳೆದೇ ಬಂದಿರುತ್ತದೆ, ಪೂರ್ತಿ ಹಾಕಿ. ಮನೆಯಲ್ಲಿ ಬಿದ್ದಿರುವ ಯಾವುದೋ ಗ್ರೀಸ್ ಬೆರೆಸಬೇಡಿ. ಬೂಟ್ ಕೂರಿಸಿದ ಮೇಲೆ ಅಂಚಿನಡಿ ಸಣ್ಣ ಸ್ಕ್ರೂಡ್ರೈವರ್ ತೂರಿಸಿ ಒಳಗಿನ ಗಾಳಿ ಬಿಟ್ಟೆ, ಇಲ್ಲದಿದ್ದರೆ ಬೂಟ್ ಉಬ್ಬಿ ಉಜ್ಜುತ್ತದೆ. ಪ್ಲಾಸ್ಟಿಕ್ ಟೈ ಕ್ಲಾಂಪಿನ ಬದಲಿ ಆಗುವುದಿಲ್ಲ. ಅಂಟು ಹಾಕಿ ಮುಚ್ಚುವ ಸೀಳು ಬೂಟನ್ನೂ ಒಮ್ಮೆ ಬಳಸಿದ್ದೆ, ಕೆಲವೇ ತಿಂಗಳಲ್ಲಿ ಅಂಟು ಬಿಟ್ಟುಕೊಂಡಿತು.

ಹಬ್ ನಟ್ ಎರಡೂ ಕಡೆ ಹೊಸದು. ಬಿಗಿಯನ್ನು ಅಳೆದು ತಿರುಗಿಸುವ ಟಾರ್ಕ್ ರೆಂಚನ್ನು ಗೆಳೆಯನಿಂದ ಎರಡು ದಿನಕ್ಕೆ ತಂದಿದ್ದೆ. ಹಲವು ಸಣ್ಣ ಕಾರುಗಳಲ್ಲಿ ಈ ನಟ್ 200 ನ್ಯೂಟನ್ ಮೀಟರ್ ಆಸುಪಾಸು ಬಿಗಿ ಕೇಳುತ್ತದೆ, ಆದರೆ ನಿಮ್ಮ ಕಾರಿನ ಕೈಪಿಡಿಯ ಅಂಕಿಯನ್ನೇ ನಂಬಿ. ಬಿಗಿ ಕಮ್ಮಿಯಾದರೆ ಚಕ್ರದ ಬೇರಿಂಗ್ ಹಾಳಾಗುತ್ತದೆ. ಶಾಫ್ಟ್ ಇಲ್ಲದ ಹಬ್ ಮೇಲೆ ಕಾರನ್ನು ಒಂದಿಷ್ಟು ದೂರ ತಳ್ಳಿದರೂ ಅದೇ ಗತಿ.

ಸಂಜೆ ಖಾಲಿ ಮೈದಾನದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ಎರಡೂ ಕಡೆಗೆ ನಿಧಾನಕ್ಕೆ ಸುತ್ತು ಹಾಕಿದೆ. ಮಗಳು ಕಿಟಕಿಯಿಂದ ಕಿವಿ ಹೊರಗಿಟ್ಟು ಕೇಳಿಸಿಕೊಳ್ಳುತ್ತಿದ್ದಳು.

"ಅಪ್ಪ, ಏನೂ ಕೇಳಿಸ್ತಿಲ್ಲ. ಇನ್ನೊಂದು ಸಲ ಬಲಕ್ಕೆ ತಿರುಗಿಸಿ," ಅಂದಳು. ಮತ್ತೆ ತಿರುಗಿಸಿದೆ. ಇಲ್ಲ.

500 ಕಿಲೋಮೀಟರ್ ಆದ ಮೇಲೆ ಟಾರ್ಚ್ ಹಿಡಿದು ಕೆಳಗೆ ಮಲಗಿ ನೋಡಿದೆ. ಎಡಗಡೆ ಸಣ್ಣ ಕ್ಲಾಂಪಿನ ಹತ್ತಿರ ಚೂರು ಗ್ರೀಸ್ ಜಿನುಗಿತ್ತು. ಒರೆಸಿ, ಕ್ಲಾಂಪ್ ಇನ್ನಷ್ಟು ಬಿಗಿ ಮಾಡಿದೆ, ನಿಂತಿತು. ಬಲಗಡೆಯ ಒಳಗಿನ ಬೂಟ್ ಒಂದು ಮಾತ್ರ ಇನ್ನೂ ಹಳೆಯದು. ಅದರ ಕಿಟ್ ತಂದು ಕಾರಿನ ಡಿಕ್ಕಿಯಲ್ಲಿ ಇಟ್ಟಿದ್ದೇನೆ. ಮಡಿಕೆಯಲ್ಲಿ ಮೊದಲ ಬಿರುಕು ಕಂಡ ವಾರವೇ ಹಾಕುತ್ತೇನೆ.