ಗೇರ್ ಬಾಕ್ಸ್ ಬಿಚ್ಚದೆಯೇ ಗೇರ್ ಸರಿಯಾಯಿತು

ಹೋದ ವರ್ಷ ಹಾಸನದಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಬೈಕ್ ತಗೊಂಡೆ. 150 ಸಿಸಿ, ಐದು ಗೇರ್, ಮೀಟರ್‌ನಲ್ಲಿ 46 ಸಾವಿರ ಕಿಲೋಮೀಟರ್. ಟ್ರಯಲ್ ನೋಡಿದ್ದು ಬೆಳಗ್ಗೆ, ಇಂಜಿನ್ ತಣ್ಣಗಿತ್ತು, ಎರಡೇ ಕಿಲೋಮೀಟರ್ ಓಡಿಸಿದ್ದೆ. ಏನೂ ಗೊತ್ತಾಗಲಿಲ್ಲ.

ಮೂರನೇ ದಿನ ಶುರುವಾಯಿತು. ಅರ್ಧ ಗಂಟೆ ಓಡಿಸಿ ಸಿಗ್ನಲ್‌ನಲ್ಲಿ ನಿಂತರೆ ನ್ಯೂಟ್ರಲ್ ಸಿಗುವುದಿಲ್ಲ. ಫಸ್ಟಿಂದ ಎತ್ತಿದರೆ ಸೀದಾ ಸೆಕೆಂಡ್, ಸೆಕೆಂಡಿಂದ ಒತ್ತಿದರೆ ಸೀದಾ ಫಸ್ಟ್. ನಿಂತ ಗಾಡಿಗೆ ಫಸ್ಟ್ ಹಾಕಿದರೆ 'ಟಣ್' ಅಂತ ಸದ್ದು, ಗಾಡಿ ಗೇಣುದ್ದ ಮುಂದಕ್ಕೆ ಜಿಗಿಯುತ್ತದೆ. ಇವನ್ನೆಲ್ಲ ಸಹಿಸಿಕೊಳ್ಳಬಹುದಿತ್ತು. ಆದರೆ ಶಿರಾಡಿ ಘಾಟಿ ಇಳಿಯುವಾಗ ಐದರಿಂದ ನಾಲ್ಕಕ್ಕೆ ಹಾಕಿದೆ, ಗೇರ್ ಎರಡರ ನಡುವೆ ನಿಂತುಬಿಟ್ಟಿತು. ಇಂಜಿನ್ ಹಿಡಿತ ತಪ್ಪಿ ಗಾಡಿ ತಾನಾಗಿ ಜಾರತೊಡಗಿತು. ಎದುರಿಗೆ ತಿರುವು, ಬೆನ್ನ ಹಿಂದೆ ಟ್ಯಾಂಕರ್. ಅವತ್ತು ಮನೆಗೆ ಬಂದವನೇ ಇದನ್ನು ಸರಿ ಮಾಡದೆ ಮತ್ತೆ ಘಾಟಿಗೆ ಹೋಗುವುದಿಲ್ಲ ಅಂತ ತೀರ್ಮಾನಿಸಿದೆ.

ಒಬ್ಬ ಮೆಕ್ಯಾನಿಕ್ ಒಂದು ರೌಂಡ್ ಓಡಿಸಿ, "ಗೇರ್ ಬಾಕ್ಸ್ ಹೋಗಿದೆ, ಇಂಜಿನ್ ಇಳಿಸಬೇಕು" ಅಂದರು. ಎಂಟೊಂಬತ್ತು ಸಾವಿರದ ಲೆಕ್ಕ ಹೇಳಿದರು. ನನಗೆ ಒಪ್ಪಿಗೆಯಾಗಲಿಲ್ಲ. ಪೆಡಲ್‌ನಿಂದ ಒಳಗಿನ ಗೇರ್ ಹಲ್ಲಿನ ತನಕ ನಡುವೆ ಎಷ್ಟೊಂದು ಸಾಮಾನು ಇದೆ. ಅದನ್ನೆಲ್ಲ ಬಿಟ್ಟು ಸೀದಾ ಕೊನೆಯದಕ್ಕೆ ಕೈ ಹಾಕುವುದು ಯಾಕೆ?

ಮೊದಲು ಮಾಡಿದ್ದು ಒಂದು ಸುಲಭದ ಪರೀಕ್ಷೆ, ಕಾಸಿನ ಖರ್ಚಿಲ್ಲ. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ, ಇಂಜಿನ್ ಆಫ್ ಮಾಡಿ, ಹಿಂದಿನ ಚಕ್ರವನ್ನು ಒಂದು ಕೈಯಲ್ಲಿ ನಿಧಾನ ತಿರುಗಿಸುತ್ತಾ ಇನ್ನೊಂದು ಕೈಯಲ್ಲಿ ಒಂದೊಂದೇ ಗೇರ್ ಹಾಕಿದೆ. ಚಕ್ರ ತಿರುಗಿಸದಿದ್ದರೆ ಹಲ್ಲಿಗೆ ಹಲ್ಲು ಕೂರುವುದಿಲ್ಲ, ಸುಮ್ನೆ ಗಾಬರಿಯಾಗುತ್ತದೆ. ಒಂದರಿಂದ ನಾಲ್ಕರವರೆಗೆ ಬೆಣ್ಣೆಯ ಹಾಗೆ ಬಿದ್ದವು, ನ್ಯೂಟ್ರಲ್ ಕೂಡ ಸಿಕ್ಕಿತು. ಐದು ಮಾತ್ರ ಬಿದ್ದರೂ ಗಟ್ಟಿಯಾಗಿ ಕೂರುತ್ತಿರಲಿಲ್ಲ.

ಆಮೇಲೆ ಇಂಜಿನ್ ಬಿಸಿ ಮಾಡಿ, ಸ್ಟ್ಯಾಂಡ್ ಮೇಲೆಯೇ ಫಸ್ಟ್ ಹಾಕಿ, ಕ್ಲಚ್ ಪೂರ್ತಿ ಹಿಡಿದೆ. ಹಿಂದಿನ ಚಕ್ರ ತಿರುಗುತ್ತಿತ್ತು. ಆಯಿಲ್‌ನಲ್ಲಿ ಮುಳುಗಿರುವ ಕ್ಲಚ್ ಆದ್ದರಿಂದ ಸ್ವಲ್ಪ ತಿರುಗುವುದು ಸಹಜ. ಹಿಂದಿನ ಬ್ರೇಕ್ ಮೆಲ್ಲಗೆ ಒತ್ತಿದರೆ ಚಕ್ರ ನಿಲ್ಲಬೇಕು, ಇಂಜಿನ್‌ಗೆ ಅದು ಗೊತ್ತೇ ಆಗಬಾರದು. ನನ್ನ ಗಾಡಿಯಲ್ಲಿ ಬ್ರೇಕ್ ಒತ್ತಿದ ಕೂಡಲೇ ಇಂಜಿನ್ ಸದ್ದು ಕುಗ್ಗಿ ಆಫ್ ಆಗುವ ಹಾಗಾಯಿತು. ಅಂದರೆ ಲಿವರ್ ಹಿಡಿದರೂ ಕ್ಲಚ್ ಇಂಜಿನ್‌ನಿಂದ ಗೇರನ್ನು ಪೂರ್ತಿ ಬಿಡಿಸುತ್ತಿಲ್ಲ. ಅಲ್ಲಿಗೆ ತೊಂದರೆ ಒಂದಲ್ಲ, ಎರಡು ಅಂತ ಗೊತ್ತಾಯಿತು. ನ್ಯೂಟ್ರಲ್ ಸಿಗದಿರುವುದಕ್ಕೆ ಕ್ಲಚ್ ಕಾರಣ. ಐದನೇ ಗೇರಿನದ್ದು ಬೇರೆ ಕಥೆ.

ಹೊರಗಿನಿಂದ ಶುರು ಮಾಡಿದೆ. ಗೇರ್ ಪೆಡಲ್ ಮತ್ತು ಅದು ಕೂತಿರುವ ಶಾಫ್ಟ್, ಎರಡರ ಮೇಲೂ ಸೇರುವಂತೆ ತಂಗಿಯ ನೇಲ್ ಪಾಲಿಶ್‌ನಿಂದ ಒಂದು ಕೆಂಪು ಗೆರೆ ಎಳೆದೆ. ಪೆಡಲ್ ಒತ್ತಿ ನೋಡಿದೆ. ಪೆಡಲ್ ಮೇಲಿನ ಗೆರೆ ಮೊದಲು ಸರಿಯಿತು, ಶಾಫ್ಟಿನದು ಆಮೇಲೆ ಸರಿಯಿತು. ಪೆಡಲ್ ಬಿಚ್ಚಿದರೆ ಒಳಗಿನ ಹಲ್ಲುಗಳು ಸವೆದು ನುಣ್ಣಗಾಗಿವೆ. ಲೂಸ್ ಆಗಬಾರದು ಅಂತ ಯಾರೋ ತಗಡಿನ ಚೂರೊಂದನ್ನು ಒಳಗೆ ತುರುಕಿದ್ದರು. ಪುಣ್ಯಕ್ಕೆ ಶಾಫ್ಟಿನ ಹಲ್ಲು ಚೆನ್ನಾಗಿಯೇ ಇತ್ತು. ಹೊಸ ಪೆಡಲ್ 280 ರೂಪಾಯಿ. ಕಾಲಿಗೆ ಸಿಗುವ ಹಿಡಿತ ಅಷ್ಟಕ್ಕೇ ಬದಲಾಯಿತು.

ಕ್ಲಚ್ ಕೇಬಲ್ ಲಿವರ್ ಹತ್ತಿರ ಎಳೆ ಬಿಟ್ಟಿತ್ತು. ಹೊಸದು ಹಾಕಿದೆ. ಹಾಕುವ ಮೊದಲು ಅದನ್ನು ಮೊಳೆಗೆ ನೇತುಹಾಕಿ, ಮೇಲ್ತುದಿಗೆ ಪ್ಲಾಸ್ಟಿಕ್ ಕವರ್‌ನ ಮೂಲೆ ಕಟ್ಟಿ ಆಯಿಲ್ ತುಂಬಿಸಿದೆ. ರಾತ್ರಿ ಬಿಟ್ಟರೆ ಬೆಳಗ್ಗೆ ಕೆಳತುದಿಯಲ್ಲಿ ತೊಟ್ಟಿಕ್ಕುತ್ತಿತ್ತು. ಲಿವರ್ ತುದಿಯಲ್ಲಿ 10ರಿಂದ 15 ಮಿಲಿಮೀಟರ್ ಸಡಿಲ ಬಿಟ್ಟು ಅಡ್ಜಸ್ಟ್ ಮಾಡಿದೆ. ಸಡಿಲ ಜಾಸ್ತಿಯಾದರೆ ಕ್ಲಚ್ ಬಿಡುವುದಿಲ್ಲ, ತೀರಾ ಬಿಗಿಯಾದರೆ ಪ್ಲೇಟ್ ಜಾರಿ ಸುಡುತ್ತದೆ.

ಆಯಿಲ್ ಇಳಿಸಿದಾಗ ಬೇಸರವಾಯಿತು. ಒಂದು ಲೀಟರ್ ಇರಬೇಕಾದ ಕಡೆ 650 ಮಿಲಿ, ಅದೂ ಕಪ್ಪಗೆ ಟಾರಿನಂತೆ. ಇಂಜಿನ್, ಕ್ಲಚ್, ಗೇರ್ ಮೂರಕ್ಕೂ ಒಂದೇ ಆಯಿಲ್ ಅಲ್ವಾ, ಇದರಲ್ಲಿ ಉಳಿತಾಯ ಮಾಡುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಕಾರಿನ ಆಯಿಲ್ ಕೂಡ ಹಾಕಬಾರದು, ಕ್ಲಚ್ ಜಾರಬಹುದು. ಡಬ್ಬದ ಮೇಲೆ ಜಾಸೋ ಎಂಎ ಅಥವಾ ಎಂಎ2 ಅಂತ ಇರಬೇಕು, ಆಯಿಲ್‌ನಲ್ಲಿ ಮುಳುಗಿರುವ ಕ್ಲಚ್‌ಗೆ ಹೊಂದುತ್ತದೆ ಅನ್ನುವ ಗುರುತು ಅದು. ನನ್ನ ಗಾಡಿಗೆ ಮ್ಯಾನ್ಯುವಲ್ ಹೇಳುವುದು 10ಡಬ್ಲ್ಯು-30 ಗ್ರೇಡ್, ಅದನ್ನೇ ತಂದಿಟ್ಟೆ. ಇಳಿಸಿದ ಆಯಿಲ್‌ನಲ್ಲಿ ಆಯಸ್ಕಾಂತ ಆಡಿಸಿ ನೋಡಿದೆ. ಬೂದಿಯಂಥ ನುಣ್ಣನೆ ಪುಡಿ ಮಾತ್ರ ಅಂಟಿತು. ಹಲ್ಲಿನ ಚೂರು ಸಿಕ್ಕಿದ್ದರೆ ನಾನೇ ಇಂಜಿನ್ ಇಳಿಸಲು ಒಪ್ಪುತ್ತಿದ್ದೆ.

ಹೇಗೂ ಆಯಿಲ್ ಖಾಲಿಯಾಗಿತ್ತು, ಬಲಗಡೆಯ ಕ್ಲಚ್ ಕವರ್ ಬಿಚ್ಚಿದೆ. ಇದರ ಬೋಲ್ಟುಗಳು ಒಂದೇ ಉದ್ದ ಇರುವುದಿಲ್ಲ. ರಟ್ಟಿನ ಮೇಲೆ ಕವರ್ ಆಕಾರ ಬರೆದು, ಯಾವ ಬೋಲ್ಟ್ ಎಲ್ಲಿಯದೋ ಅಲ್ಲೇ ಚುಚ್ಚಿಟ್ಟೆ.

ಸ್ಪ್ರಿಂಗ್‌ಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ ಪ್ಲೇಟುಗಳನ್ನು ಹೊರತೆಗೆದೆ. ಸ್ಟೀಲ್ ಪ್ಲೇಟುಗಳ ಮೇಲೆ ಅಲ್ಲಲ್ಲಿ ನೀಲಿ ಕಲೆ, ಕಾದು ಸುಟ್ಟ ಗುರುತು. ಹಳೇ ಕನ್ನಡಿಯ ಮೇಲೆ ಒಂದೊಂದನ್ನೇ ಮಲಗಿಸಿ ಅಡಿಗೆ ಫೀಲರ್ ಗೇಜ್, ಅಂದರೆ ಸಂದಿ ಅಳೆಯುವ ತೆಳು ತಗಡಿನ ಎಲೆ ತೂರಿಸಿದೆ. 0.2 ಮಿಲಿಮೀಟರ್ ಎಲೆಯೇ ಹೋಗಬಾರದು. ಎರಡು ಪ್ಲೇಟುಗಳ ಅಡಿಯಲ್ಲಿ 0.3 ಕೂಡ ಹೋಯಿತು. ಸೊಟ್ಟಗಾದ ಪ್ಲೇಟು ಲಿವರ್ ಹಿಡಿದರೂ ಪಕ್ಕದ್ದನ್ನು ಉಜ್ಜುತ್ತಲೇ ಇರುತ್ತದೆ.

ನಿಜವಾದ ಕಾರಣ ಮಾತ್ರ ಕ್ಲಚ್ ಹೌಸಿಂಗ್‌ನಲ್ಲಿ, ಅಂದರೆ ಪ್ಲೇಟುಗಳು ಕೂರುವ ಬಟ್ಟಲಿನಲ್ಲಿತ್ತು. ಪ್ಲೇಟುಗಳ ಕಿವಿ ಕೂರುವ ಸೀಳುಗಳ ಅಂಚಿನ ಮೇಲೆ ಉಗುರು ಎಳೆದೆ. ನುಣ್ಣಗೆ ಜಾರಬೇಕಾದ ಉಗುರು ಟಕ್, ಟಕ್, ಟಕ್ ಅಂತ ಸಿಕ್ಕಿಕೊಂಡಿತು. ಬಾವಿಕಟ್ಟೆಯ ಕಲ್ಲಿನಲ್ಲಿ ಹಗ್ಗದ ಗುರುತು ಬೀಳುತ್ತದಲ್ಲ, ಹಾಗೇ ಒಂದೊಂದು ಪ್ಲೇಟಿಗೂ ಒಂದೊಂದು ಕಚ್ಚು. ಲಿವರ್ ಹಿಡಿದಾಗ ಪ್ಲೇಟುಗಳು ಪಕ್ಕಕ್ಕೆ ಸರಿಯಲು ಹೋಗಿ ಈ ಕಚ್ಚುಗಳಲ್ಲಿ ಸಿಕ್ಕಿಬೀಳುತ್ತಿದ್ದವು. ಹೊಸ ಪ್ಲೇಟ್ ಮಾತ್ರ ಹಾಕಿದ್ದರೂ ತೊಂದರೆ ಹೋಗುತ್ತಿರಲಿಲ್ಲ.

ಹೌಸಿಂಗ್ ಗಾಡಿಯಲ್ಲಿ ಇರುವಾಗಲೇ ಅರ ಹಾಕಬಾರದು, ಪುಡಿ ಇಂಜಿನ್ ಒಳಗೆ ಬೀಳುತ್ತದೆ. ನಡುವಿನ ನಟ್ ಬಿಚ್ಚುವ ಸಾಧನ ನನ್ನ ಹತ್ತಿರ ಇರಲಿಲ್ಲ. ನಮ್ಮ ಬೀದಿಯ ಹಿರಿಯ ಮೆಕ್ಯಾನಿಕ್ ಒಬ್ಬರು ತಮ್ಮ ನಟ್ ಬಿಚ್ಚುವ ಗನ್ ತಂದು ಬಿಚ್ಚಿಕೊಟ್ಟರು. ಕಚ್ಚು ಮುಟ್ಟಿ ನೋಡಿ, "ಆಳ ಇಲ್ಲ ಕಣಪ್ಪಾ, ಅರದಲ್ಲೇ ಹೋಗುತ್ತೆ. ಒಂದು ಕಡೆ ಜಾಸ್ತಿ ಉಜ್ಜಬೇಡ, ಎಲ್ಲ ಕಡೆ ಸಮ ಇರಲಿ" ಅಂದರು. ಚಪ್ಪಟೆ ಅರದಲ್ಲಿ ಎರಡು ಗಂಟೆ ಉಜ್ಜಿದೆ, ಉಗುರು ಸಲೀಸಾಗಿ ಜಾರುವ ತನಕ. ಕಚ್ಚು ಆಳವಾಗಿದ್ದರೆ ಹೌಸಿಂಗ್ ಬದಲಿಸುವುದೇ ಸರಿ, ಉಜ್ಜಿ ಉಜ್ಜಿ ಸೀಳು ಅಗಲ ಮಾಡಬಾರದು.

ಹೌಸಿಂಗ್ ತೆಗೆದಿದ್ದರಿಂದ ಐದನೇ ಗೇರಿನ ಕಥೆಯೂ ಬಯಲಾಯಿತು. ಹೌಸಿಂಗ್ ಹಿಂದೆ ನಕ್ಷತ್ರದ ಆಕಾರದ ಒಂದು ಪ್ಲೇಟ್ ಇದೆ. ಅದರ ತಗ್ಗುಗಳಲ್ಲಿ ಪುಟ್ಟ ರೋಲರ್ ಇರುವ ಸ್ಟಾಪರ್ ಕೂರುತ್ತದೆ. ಒಂದು ಸ್ಪ್ರಿಂಗ್ ಅದನ್ನು ಎಳೆದು ಹಿಡಿದಿರುತ್ತದೆ. ಗೇರ್ ತನ್ನ ಜಾಗದಲ್ಲಿ ನಿಲ್ಲುವುದು ಈ ಎಳೆತದಿಂದಲೇ. ಬೆರಳಲ್ಲಿ ಎತ್ತಿದರೆ ಸ್ಟಾಪರ್ ಸುಲಭವಾಗಿ ಮೇಲೆ ಬಂತು. ಸ್ಪ್ರಿಂಗ್ ಹಾಸನದಲ್ಲಿ ಸಿಗಲಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ನಾಲ್ಕು ಅಂಗಡಿ ಸುತ್ತಿದ ಮೇಲೆ ಸಿಕ್ಕಿತು, 25 ರೂಪಾಯಿ. ಹಳೆಯದರ ಪಕ್ಕ ಇಟ್ಟರೆ ಹಳೆಯದು ಎರಡು ಸುತ್ತಿನಷ್ಟು ಉದ್ದ ಎಳೆದುಹೋಗಿತ್ತು. ಘಾಟಿಯಲ್ಲಿ ನನ್ನ ಜೀವ ನಡುಗಿಸಿದ್ದು ಇದೇ.

ಹೊಸ ಫ್ರಿಕ್ಷನ್ ಪ್ಲೇಟುಗಳನ್ನು ರಾತ್ರಿಯಿಡೀ ಆಯಿಲ್‌ನಲ್ಲಿ ನೆನೆಹಾಕಿದೆ. ಒಣ ಪ್ಲೇಟ್ ಹಾಕಿದರೆ ಮೊದಲ ದಿನವೇ ಸುಟ್ಟುಕೊಳ್ಳಬಹುದು. ಕವರ್ ಅಂಚಿನ ಹಳೇ ಪ್ಯಾಕಿಂಗ್ ಕೆರೆಯುವುದಕ್ಕೆ ಹಿಡಿದಷ್ಟು ಹೊತ್ತು ಬೇರೆ ಯಾವುದಕ್ಕೂ ಹಿಡಿಯಲಿಲ್ಲ. ಅಲ್ಯೂಮಿನಿಯಂ ಮೇಲೆ ಗೀರು ಬಿದ್ದರೆ ಆಯಿಲ್ ಸೋರುತ್ತದೆ, ಅದಕ್ಕೇ ಅಷ್ಟು ನಿಧಾನ.

ನನ್ನ ಕಾಲಿನ ಅಭ್ಯಾಸವನ್ನೂ ಬದಲಿಸಿಕೊಂಡೆ. ಅಪ್ಪನ ಹತ್ತಿರ ಮೈಸೂರಿನಲ್ಲಿ ತಯಾರಾದ ಯೆಜ್ಡಿ ಇತ್ತು. ಅದರಲ್ಲಿ ಗೇರ್ ಪೆಡಲ್ಲೇ ಕಿಕ್ಕರ್ ಕೂಡ. "ಸ್ಟಾರ್ಟ್ ಮಾಡುವಾಗ ಒದಿ, ಗೇರ್ ಹಾಕುವಾಗ ಒದೀಬೇಡ" ಅನ್ನುತ್ತಿದ್ದರು. ನಾನು ಪಾದವನ್ನು ಸದಾ ಪೆಡಲ್ ಮೇಲೆ ಊರಿಕೊಂಡೇ ಓಡಿಸುತ್ತಿದ್ದೆ. ಆ ಭಾರ ಒಳಗೆ ಗೇರ್ ಸರಿಸುವ ಫೋರ್ಕ್‌ಗಳನ್ನು ಸವೆಸುತ್ತದೆ. ಈಗ ಗೇರ್ ಬಿದ್ದ ಕೂಡಲೇ ಕಾಲು ತೆಗೆಯುತ್ತೇನೆ.

ಪ್ಲೇಟ್, ಕೇಬಲ್, ಪೆಡಲ್, ಸ್ಪ್ರಿಂಗ್, ಪ್ಯಾಕಿಂಗ್, ಆಯಿಲ್ ಎಲ್ಲ ಸೇರಿ 2,400 ರೂಪಾಯಿ ಆಯಿತು. ಬೆಳಗ್ಗೆ ಮೊದಲ ಸಲ ಫಸ್ಟ್ ಹಾಕುವಾಗ ಈಗಲೂ ಸಣ್ಣಗೆ 'ಟಕ್' ಅನ್ನುತ್ತದೆ. ರಾತ್ರಿಯೆಲ್ಲ ಪ್ಲೇಟುಗಳು ಆಯಿಲ್‌ನಿಂದ ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಸ್ಟಾರ್ಟ್ ಮಾಡುವ ಮುಂಚೆ ಕ್ಲಚ್ ನಾಲ್ಕು ಸಲ ಹಿಡಿದು ಬಿಟ್ಟರೆ ಅದೂ ಇರುವುದಿಲ್ಲ. ಕಳೆದ ತಿಂಗಳು ಅದೇ ಶಿರಾಡಿಯಲ್ಲಿ, ಅದೇ ತಿರುವಿಗೆ ಮುಂಚೆ, ಐದರಿಂದ ನಾಲ್ಕಕ್ಕೆ, ನಾಲ್ಕರಿಂದ ಮೂರಕ್ಕೆ ಇಳಿಸಿದೆ. ಎರಡು ಸಲವೂ ಪೆಡಲ್ ಕೆಳಗೆ ಗೇರ್ ಗಟ್ಟಿಯಾಗಿ ಕೂತದ್ದು ಕಾಲಿಗೆ ಗೊತ್ತಾಯಿತು.