ಅಮೆರಿಕದಲ್ಲಿ ಮೂರನೇ ಪಕ್ಷ: ಹೊಸದಾಗಿ ಬಂದ ಕನ್ನಡಿಗರಿಗೆ

2018ರಲ್ಲಿ 37 ಸೀಟಿನ ಜೆಡಿಎಸ್ ಮುಖ್ಯಮಂತ್ರಿ ಕುರ್ಚಿ ಹಿಡಿದದ್ದನ್ನು ಕಂಡವರಿಗೆ ಇಲ್ಲಿನ ಲೆಕ್ಕ ಬೇಗ ತಲೆಗೆ ಹತ್ತುವುದಿಲ್ಲ. 1992ರಲ್ಲಿ ಟೆಕ್ಸಸ್‌ನ ಉದ್ಯಮಿ ರಾಸ್ ಪೆರೋ ಅಧ್ಯಕ್ಷ ಚುನಾವಣೆಗೆ ಪಕ್ಷೇತರರಾಗಿ ನಿಂತು ಸುಮಾರು ಶೇ 19ರಷ್ಟು ಮತ ಪಡೆದರು. ಎಲೆಕ್ಟೋರಲ್ ಮತ, ಅಂದರೆ ಅಧ್ಯಕ್ಷರನ್ನು ಆರಿಸಲು ಒಂದೊಂದು ರಾಜ್ಯಕ್ಕೂ ಇಷ್ಟಿಷ್ಟೆಂದು ಇರುವ ಮತ, ಮಾತ್ರ ಸೊನ್ನೆ. 1968ರಲ್ಲಿ ವರ್ಣಭೇದದ ಪರ ನಿಂತಿದ್ದ ಜಾರ್ಜ್ ವಾಲೇಸ್ ಅದಕ್ಕಿಂತ ಕಡಿಮೆ, ಶೇ 13.5ರಷ್ಟು ಮತಕ್ಕೇ 46 ಎಲೆಕ್ಟೋರಲ್ ಮತ ಗಳಿಸಿದರು. ಪೆರೋ ಮತ ದೇಶದ ತುಂಬ ಚೆಲ್ಲಿತ್ತು. ವಾಲೇಸ್ ಮತ ದಕ್ಷಿಣದಲ್ಲಿ ಗುಡ್ಡೆಯಾಗಿತ್ತು, ಹಳೇ ಮೈಸೂರಿನ ಜೆಡಿಎಸ್ ಮತದ ಹಾಗೆ. ಮೇನ್, ನೆಬ್ರಾಸ್ಕ ಬಿಟ್ಟರೆ ಎಲ್ಲ ರಾಜ್ಯಗಳಲ್ಲೂ ಒಂದು ಮತ ಮುಂದಿದ್ದವರಿಗೆ ಇಡೀ ರಾಜ್ಯದ ಎಲೆಕ್ಟೋರಲ್ ಮತ.

ಸಮ್ಮಿಶ್ರ ಸರ್ಕಾರದ ಆಸೆಯೂ ಬೇಡ. ಒಟ್ಟು 538 ಎಲೆಕ್ಟೋರಲ್ ಮತಗಳಲ್ಲಿ 270 ಯಾರಿಗೂ ಬಾರದಿದ್ದರೆ ಅಧ್ಯಕ್ಷರನ್ನು ಆರಿಸುವುದು ಕೆಳಮನೆ, ಅದೂ ರಾಜ್ಯಕ್ಕೊಂದೇ ಮತದಂತೆ. ಅಲ್ಲಿ ಕೂತವರು ಎರಡೇ ಪಕ್ಷದವರು.

ಅದಕ್ಕೂ ಮುಂಚೆ ಮತಪತ್ರದಲ್ಲಿ ಹೆಸರು ಬರಬೇಕಲ್ಲ! ನಿಯಮ ಒಂದೊಂದು ರಾಜ್ಯಕ್ಕೆ ಒಂದೊಂದು. ನ್ಯೂಯಾರ್ಕ್‌ನಲ್ಲಿ ಆರು ವಾರದೊಳಗೆ ಮತದಾರರ 45,000 ಸಹಿ ಬೇಕು. ವಿರೋಧಿಗಳ ವಕೀಲರು ಒಂದೊಂದನ್ನೂ ಜಾಲಾಡುವುದರಿಂದ ಅದರ ಎರಡರಷ್ಟಾದರೂ ಕೈಯಲ್ಲಿರುವುದು ಕ್ಷೇಮ. 2024ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ಪಕ್ಷೇತರರಾಗಿ ನಿಂತ ರಾಬರ್ಟ್ ಕೆನಡಿ ಜೂನಿಯರ್ ಸಹಿಯಲ್ಲಿ ಸೋಲಲಿಲ್ಲ: ಅರ್ಜಿಯಲ್ಲಿ ಕೊಟ್ಟ ವಿಳಾಸದಲ್ಲಿ ಅವರು ನಿಜವಾಗಿ ವಾಸವಿಲ್ಲ ಎಂದು ಅಲ್ಲಿನ ನ್ಯಾಯಾಲಯ ಹೆಸರು ತೆಗೆಸಿತು. ತಮಾಷೆಯೆಂದರೆ ಆಮೇಲೆ ಅವರೇ ಹಿಂದೆ ಸರಿದಾಗ ಮಿಷಿಗನ್, ವಿಸ್ಕಾನ್ಸಿನ್ ಮತಪತ್ರಗಳಿಂದ ಹೆಸರು ಹೋಗಲೇ ಇಲ್ಲ.

ಹಾಗಾಗಿ ಬದಲಾವಣೆ ಬೇಕೆನ್ನುವವರು ದೊಡ್ಡ ಪಕ್ಷದ ಪ್ರೈಮರಿಯೊಳಗೇ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಆರಿಸುವ ಚುನಾವಣೆಯೊಳಗೇ, ನುಗ್ಗುತ್ತಾರೆ. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2022ರಲ್ಲಿ ಇಲ್ಲಿನ ಸಂಸತ್ತಾದ ಕಾಂಗ್ರೆಸ್‌ಗೆ ಹೋದದ್ದು ಡೆಟ್ರಾಯಿಟ್ ಭಾಗದ ಡೆಮಾಕ್ರಟಿಕ್ ಪ್ರೈಮರಿ ಗೆದ್ದು. ನವೆಂಬರ್ ಚುನಾವಣೆ ಅಲ್ಲಿ ಬರೀ ಶಾಸ್ತ್ರಕ್ಕೆ. ನೀವು ಪೌರರಾದ ಮೇಲೆ ನೋಂದಣಿಯಲ್ಲಿ 'ಪಕ್ಷವಿಲ್ಲ' ಎಂದು ಬರೆಸುವ ಮುನ್ನ ಇದನ್ನು ನೆನೆಯಿರಿ: ನ್ಯೂಯಾರ್ಕ್, ಪೆನ್ಸಿಲ್ವೇನಿಯ, ಫ್ಲಾರಿಡಾಗಳಲ್ಲಿ ಅಂಥವರಿಗೆ ಪಕ್ಷದ ಪ್ರೈಮರಿಯಲ್ಲಿ ಮತವಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಎಡವುವ ಜಾಗ ಇನ್ನೊಂದಿದೆ. ಸ್ವತಂತ್ರರಾಗಿರಬೇಕೆಂದು 'ಅಮೆರಿಕನ್ ಇಂಡಿಪೆಂಡೆಂಟ್' ಎಂಬಲ್ಲಿ ಗುರುತು ಹಾಕಿದರೆ ನೀವು ಸೇರುವುದು ವಾಲೇಸ್ ನಿಂತಿದ್ದ ಅದೇ ಪಕ್ಷವನ್ನು! ಹುಡುಕಬೇಕಾದ್ದು 'ನೋ ಪಾರ್ಟಿ' ಎಂಬ, ಅಂದರೆ ಪಕ್ಷವಿಲ್ಲ ಎನ್ನುವ ಆಯ್ಕೆ.

ಮೂರನೆಯವರಿಗೆ ಹಾಕಿದ ಮತ ವ್ಯರ್ಥವೇ? 2000ದ ಅಧ್ಯಕ್ಷ ಚುನಾವಣೆಯಲ್ಲಿ ಫ್ಲಾರಿಡಾ 537 ಮತದಲ್ಲಿ ನಿರ್ಧಾರವಾಯಿತು, ಗ್ರೀನ್ ಪಕ್ಷದ ರಾಲ್ಫ್ ನೇಡರ್ ಅಲ್ಲಿ 97,000ಕ್ಕೂ ಹೆಚ್ಚು ಪಡೆದಿದ್ದರು. ಪೈಪೋಟಿಯ ರಾಜ್ಯದಲ್ಲಿ ಅದು ತೂಕದ ಮತ, ಬಹುಶಃ ನೀವು ಬಯಸದ ಕಡೆಗೆ. ಮೇನ್, ಅಲಾಸ್ಕಗಳಲ್ಲಿ ಅಧ್ಯಕ್ಷ ಚುನಾವಣೆಗೂ ಒಂದು, ಎರಡು, ಮೂರು ಎಂದು ಆದ್ಯತೆ ಬರೆಯಬಹುದು. ನಿಮ್ಮ ಮೊದಲ ಆಯ್ಕೆ ಬಿದ್ದುಹೋದರೆ ಮತ ಎರಡನೆಯವರಿಗೆ ಹೋಗುತ್ತದೆ. ಮೂರನೇ ಪಕ್ಷ ಉಸಿರಾಡಬಹುದಾದ ಜಾಗ ಇದೇ ಎಂಬುದು ನಮ್ಮ ಅಂದಾಜು.

ಎಚ್-1ಬಿಯಲ್ಲಿರುವವರು ಯಾವ ಪಕ್ಷಕ್ಕೂ, ಅಭ್ಯರ್ಥಿಗೂ ಒಂದು ಡಾಲರ್ ಕೊಡುವಂತಿಲ್ಲ. ಗ್ರೀನ್ ಕಾರ್ಡ್ ಇದ್ದರೆ ದೇಣಿಗೆ ಕೊಡಬಹುದು, ಮತ ಹಾಕುವಂತಿಲ್ಲ. ಲೈಸೆನ್ಸ್ ಮಾಡಿಸುವಾಗ ಡಿಎಂವಿ ಫಾರಂನಲ್ಲಿ ಮತದಾರರ ನೋಂದಣಿಯ ಪ್ರಶ್ನೆಯೂ ಬರುತ್ತದೆ. ಓದದೆ ಸಹಿ ಮಾಡಬೇಡಿ. ಗೊತ್ತಿಲ್ಲದೆ ನೋಂದಣಿಯಾಗಿದ್ದರೆ ಕೌಂಟಿ ಚುನಾವಣಾ ಕಚೇರಿಗೆ ಬರೆದು ರದ್ದು ಮಾಡಿಸಿ, ಪ್ರತಿ ಇಟ್ಟುಕೊಳ್ಳಿ. ಪೌರತ್ವದ ಎನ್-400 ಅರ್ಜಿಯಲ್ಲಿ ಈ ಪ್ರಶ್ನೆ ಇದ್ದೇ ಇದೆ, ಅದನ್ನು ತುಂಬುವ ಮೊದಲೇ ವಲಸೆ ವಕೀಲರನ್ನು ಕಾಣಿ.